ಬೊಮ್ಮಕ್ಕ ಕಟ್ಟಿದ ಗಂಟು

ಜ್ವರಗಳು ಗುಳಿಗೆಯ ಮಾತು ಕೇಳುವುದನ್ನು ಬಿಟ್ಟು ಆಗಲೇ ಹನ್ನೊಂದು ವರ್ಷವಾಗಿತ್ತು. ಹಿಂದೆ ಮೂರು ದಿನದ ಗುಳಿಗೆಗೆ ಇಳಿಯುತ್ತಿದ್ದ ಜ್ವರ ಈಗ ಮೂರು ವಾರದ ಸೂಜಿಗೂ ಇಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣದ ರೋಗದ ಜೀವಿಗಳು ಹಳೆಯ ಔಷಧಗಳ ಗುಟ್ಟನ್ನೆಲ್ಲ ಕಲಿತುಬಿಟ್ಟಿದ್ದವು. ಆದ್ದರಿಂದ ಸರ್ಕಾರ ಕಾಡಿನ ಕಡೆಗೆ ಮುಖ ತಿರುಗಿಸಿತು. ಬಿಳಿಗಿರಿ ಬೆಟ್ಟದ ಬುಡದಲ್ಲಿ ಒಂದು ಪರೀಕ್ಷಾಲಯ ಕಟ್ಟಿಸಿ ಅದರೊಳಗೆ ಗಂಧಗ್ರಾಹಿ ಎಂಬ ಯಂತ್ರವನ್ನು ಇರಿಸಿತು.

ಗಂಧಗ್ರಾಹಿ ನೋಡುವುದಕ್ಕೆ ರಾಗಿ ತುಂಬಿಡುವ ಪೆಟ್ಟಿಗೆಯಷ್ಟಿತ್ತು. ಅದರೊಳಗೆ ಹತ್ತು ಸಾವಿರ ಪುಟ್ಟ ಮೂಗುಗಳು; ಒಂದೊಂದು ಮೂಗಿಗೂ ಒಂದೊಂದೇ ವಾಸನೆ ಗೊತ್ತು. ಹಸಿ ಎಲೆಯನ್ನು ಒಳಗಿಟ್ಟರೆ ಅದನ್ನು ಹದವಾಗಿ ಕಾಯಿಸಿ, ಏಳುವ ಆವಿಯನ್ನೆಲ್ಲ ಮೂಸಿ, ರೋಗವನ್ನು ಕೊಲ್ಲುವ ಸಾರ ಅದರಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಕಾಲು ಗಂಟೆಯಲ್ಲಿ ಹೇಳುತ್ತಿತ್ತು. ಸಾರವಿದ್ದ ಗಿಡದ ಹೆಸರು ಊರಪಟ್ಟಿಗೆ ಸೇರುತ್ತಿತ್ತು. ಪಟ್ಟಿಗೆ ಸೇರಿದ ಗಿಡ ಬೆಳೆಯುವ ಜಾಗಕ್ಕೆ ಅದರ ಮದ್ದು ಬಲ್ಲ ಹೆಂಗಸರು ತಲೆತಲಾಂತರಕ್ಕೂ ಹೋಗಿಬರಬಹುದು. ಮೂರು ಸಲ ಪರೀಕ್ಷೆ ಮಾಡಿದರೂ ಸಾರ ಕಾಣದಿದ್ದರೆ ಆ ಜಾಗ, ಕಾಡು ಕಾಯಲೆಂದು ಸರ್ಕಾರ ಹಾಕಿದ ಕಾಣದ ಬೇಲಿಯ ಒಳಗೇ ಉಳಿದುಹೋಗುತ್ತಿತ್ತು. ಆ ಬೇಲಿಗೆ ಕಂಬವಿಲ್ಲ, ತಂತಿಯಿಲ್ಲ. ಮನುಷ್ಯರ ಮೈಬಿಸಿ ತಾಕಿದರೆ ಕೂಗಿಕೊಳ್ಳುತ್ತದೆ, ಕಾವಲಿನವರು ಬರುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಹೋಗಿಬರಲೆಂದು ಮದ್ದಿನ ಹೆಂಗಸರಿಗೆ ಒಂದೊಂದು ಬೂದು ಬಣ್ಣದ ಬಳೆ ಕೊಟ್ಟಿದ್ದರು. ಬಳೆಗೆ ಜೀವವಿದ್ದಷ್ಟು ದಿನ ಬೇಲಿ ಸುಮ್ಮನಿರುತ್ತಿತ್ತು.

ಕಲ್ಲಾರೆ ಪೋಡು ಸೋಲಿಗರ ಇಪ್ಪತ್ತು ಮನೆಗಳ ಹಾಡಿ. ಅಲ್ಲಿಯ ಜಡಿಯಮ್ಮ ಆ ಬಳೆ ತೊಟ್ಟ ದಿನ ಎಲ್ಲರೆದುರಿಗೆ ಕೈ ಎತ್ತಿ ತೋರಿಸಿದ್ದಳು.

"ಗಂಡ ಹೋದಾಗ ನೀವೆಲ್ಲ ಸೇರಿ ಬಳ ತೆಗೆಸುದ್ರಿ. ಈಗ ಸರ್ಕಾರವೇ ತೊಡಿಸ್ತಾ ಅದ. ಸೀರ ಕುಪ್ಸ ಯಾವಾಗ ತತ್ತದ ಕೇಳಿ ಬನ್ನಿ."

ಆಗ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳ ಅಕ್ಕ ಬೊಮ್ಮಿ. ಈಗ ಅಕ್ಕ ಇರಲಿಲ್ಲ. ಅವಳು ಹೋಗಿ ಎರಡೂವರೆ ತಿಂಗಳಾಗಿತ್ತು.

ಪರೀಕ್ಷಾಲಯದ ಬಿಳಿ ಕೋಣೆಯಲ್ಲಿ ಜಡಿಯಮ್ಮ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಎದುರಿಗೆ ಡಾಕ್ಟರ್ ನಫೀಸಾ. ಕೊಳ್ಳೇಗಾಲದ ಹೆಣ್ಣುಮಗಳು, ಗಂಧಗ್ರಾಹಿಯ ಉಸ್ತುವಾರಿ ಅವಳದೇ. ಗೋಡೆಯ ಮೇಲಿನ ಪರದೆಯಲ್ಲಿ ಒಂದು ಗೆರೆ ಉದ್ದಕ್ಕೂ ನೆಟ್ಟಗೆ ಮಲಗಿತ್ತು.

"ಈ ಸಲವೂ ಏನೂ ಇಲ್ಲ, ಜಡಿಯಮ್ಮ" ಎಂದಳು ನಫೀಸಾ. "ಸಾರ ಇದ್ದಿದ್ದರೆ ಈ ಗೆರೆ ಎಲ್ಲಾದರೂ ಬೆಟ್ಟದ ಹಾಗೆ ಏಳಬೇಕಿತ್ತು."

"ನಿನ್ನ ಪೆಟ್ಟಿಗ್ಗೆ ನೆಗಡಿ ಆಗದಾ ಏನು ನಪೀಸವ್ವ?"

ನಫೀಸಾಳಿಗೆ ನಗು ಬಂತು, ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ. "ಬೇರೆ ಪೋಡಿನವರ ಗಿಡಗಳನ್ನು ಇದು ಬೆಳಗ್ಗೆಯಷ್ಟೇ ಸರಿಯಾಗಿ ಹೇಳಿದೆ. ನೀವು ತರುವ ಎಲೆ ಎಷ್ಟು ಚೊಕ್ಕಟ ನೋಡಿ. ಒಂದು ಕಲೆ ಇಲ್ಲ, ಒಂದು ತೂತಿಲ್ಲ. ಇಂಥ ಮಾದರಿ ನಮ್ಮವರೂ ತರುವುದಿಲ್ಲ. ತಪ್ಪು ಎಲ್ಲಿದೆ ಅಂತ ನನಗೇ ತಿಳೀತಾ ಇಲ್ಲ."

"ನಲ್ವತ್ತು ವರ್ಷದಿಂದ ಬಾಣಂತೇರ ಜ್ವರ ಇಳಿಸಿರೋ ಸೊಪ್ಪು ಅದು. ನಿನ್ ಪೆಟ್ಟಿಗ ಹುಟ್ಟಿ ಎಷ್ಟು ವರ್ಷ ಆಯ್ತು?"

"ಏಳು."

"ಮಗಿನ್ನೂ. ಕಲೀತದ ಬುಡು."

ಹಾಗೆಂದು ಎದ್ದಳಾದರೂ ಉಳಿದಿರುವುದು ಒಂದೇ ಸರದಿ, ಎಂಟೇ ದಿನ ಎಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಮೂರನೆಯ ಸಲವೂ ಗೆರೆ ಹೀಗೆಯೇ ಮಲಗಿದರೆ ಕೆನ್ನೆಬಾರೆಗೆ ಬೇಲಿ ಶಾಶ್ವತವಾಗುತ್ತದೆ, ಬಳೆ ಸಾಯುತ್ತದೆ. ಬಾರೆ ಎಂದರೆ ಬೆಟ್ಟದ ಇಳಿಜಾರು. ಕೆನ್ನೆಸೊಪ್ಪು ಈ ಬೆಟ್ಟಸಾಲಿನಲ್ಲೆಲ್ಲ ಆ ಒಂದೇ ಬಾರೆಯಲ್ಲಿ ಬೆಳೆಯುತ್ತಿತ್ತು. ಎಲೆಯ ಹಿಂಬದಿ ಎಳೆಮಗುವಿನ ಕೆನ್ನೆಯ ಹಾಗೆ ಕೆಂಪಗಿರುವುದರಿಂದ ಆ ಹೆಸರು. ಸುತ್ತಲಿನ ಏಳು ಪೋಡುಗಳ ಬಾಣಂತಿಯರಿಗೆ ಬೇರೆ ಮದ್ದಿರಲಿಲ್ಲ.

ಜಡಿಯಮ್ಮ ಬಸ್ಸಿಳಿದು ಪೋಡಿಗೆ ನಡೆದು ಬರುವಾಗ ಅಕ್ಕನ ನೆನಪು ಕಾಲಿಗೆ ತೊಡರುತ್ತಿತ್ತು. ನಲವತ್ತು ವರ್ಷ ಅವರಿಬ್ಬರೂ ಒಂದೇ ಮದ್ದು ಮಾಡಿದ್ದರು, ಆದರೆ ಒಂದೇ ಕೆಲಸ ಮಾಡಿರಲಿಲ್ಲ. ಗಿಡದ ಅಪ್ಪಣೆ ಕೇಳಿದ ಕೈಯಲ್ಲೇ ಅದನ್ನು ಕಲ್ಲಿನಲ್ಲಿ ಅರೆಯುವುದು ತಪ್ಪು ಎಂಬುದು ಅವರ ಕುಲದ ಕಟ್ಟಳೆ. ಆದ್ದರಿಂದ ಬೊಮ್ಮಕ್ಕ ಕೀಳುವವಳು, ಜಡಿಯಮ್ಮ ಅರೆಯುವವಳು. ಬೊಮ್ಮಕ್ಕ ಒಬ್ಬಳೇ ಬಾರೆಗೆ ಹೋಗಿ, ಕಿತ್ತ ಎಲೆಯನ್ನು ಅಲ್ಲಿಯೇ ಅಂಗೈಯಲ್ಲಿ ಹಿಸುಕಿ ಉಂಡೆ ಕಟ್ಟಿ ತರುತ್ತಿದ್ದಳು. ಜಡಿಯಮ್ಮ ಕಂಡದ್ದು ಆ ಉಂಡೆಯನ್ನು ಮಾತ್ರ. ಅದನ್ನು ಗುಂಡುಕಲ್ಲಿನಲ್ಲಿ ನುಣ್ಣಗೆ ಅರೆದು ಜೇನು ಬೆರೆಸಿ ಕುಡಿಸುವುದು ಅವಳ ಪಾಲು. ಕೀಳುವ ವಿದ್ಯೆಯನ್ನು ಬೊಮ್ಮಕ್ಕ ತನ್ನ ಮಗಳು ಕೇತಿಗೆ ಹೇಳಿಕೊಡಬೇಕಾಗಿತ್ತು. ಅದೂ ಕೇತಿ ಒಂದು ಹೆತ್ತ ಮೇಲೆಯೇ, ಮೊದಲಲ್ಲ. "ಈ ಹೆರಿಗ ಆಗ್ಲಿ, ಕಲಿಸ್ತೀನಿ" ಎನ್ನುತ್ತಿದ್ದವಳು ಒಂದು ದಿನ ಬಾರೆಯಲ್ಲೇ ಎದೆ ಹಿಡಿದುಕೊಂಡು ಕುಳಿತಳು. ಹೊತ್ತು ತಂದಾಗ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಉಂಡೆ ಕಟ್ಟುವಷ್ಟು ಹೊತ್ತು ಅವಳಿಗೆ ಸಿಕ್ಕಿರಲಿಲ್ಲ.

ಸತ್ತವರು ಕಟ್ಟಿದ ಗಂಟನ್ನು ಮೂರನೆಯ ತಿಂಗಳಲ್ಲಿ ಅವರ ಹೆಸರಿನ ಕಲ್ಲು ನಿಲ್ಲಿಸುವವರೆಗೆ ಬಿಚ್ಚುವಂತಿಲ್ಲ. ಸೆರಗಿನ ಆ ತುದಿಯನ್ನು ಕತ್ತರಿಸಿ, ಗಂಟನ್ನು ಹಾಗೆಯೇ ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದ್ದರು. ಜಡಿಯಮ್ಮ ದಿನವೂ ಒಲೆ ಹೊತ್ತಿಸುವಾಗ ತಲೆಯೆತ್ತಿ ಅದನ್ನು ನೋಡಿ ಕೈಮುಗಿಯುತ್ತಿದ್ದಳು.

ಅಕ್ಕ ಹೋದ ಮೇಲೆ ಜಡಿಯಮ್ಮ ತಾನೇ ಕೀಳುವವಳಾದಳು, ಅರೆಯುವುದಕ್ಕೆ ನೆರೆಯ ಹೆಂಗಸೊಬ್ಬಳನ್ನು ಕೂರಿಸಿದಳು. ಹೇಳಿಕೊಟ್ಟವರು ಯಾರೂ ಇರಲಿಲ್ಲ. ಆದರೆ ಬೆಟ್ಟದ ರಂಗಬಾವನಿಗೆ ಹೂವು ಪತ್ರೆ ಕೊಯ್ಯುವುದು ಅವಳಿಗೆ ಎಳವೆಯಿಂದ ಗೊತ್ತಿತ್ತು. ಬೆಟ್ಟದ ದೇವರು ಸೋಲಿಗರ ಹೆಣ್ಣನ್ನು ಲಗ್ನವಾದವನು, ಆದ್ದರಿಂದ ಅವರಿಗೆಲ್ಲ ಬಾವ. ಬಾವನಿಗೆ ಮುಕ್ಕಾದದ್ದು, ಬಾಡಿದ್ದು, ಹುಳ ಬಾಯಿಟ್ಟದ್ದು ಯಾವುದೂ ಸಲ್ಲದು. ಮದ್ದೂ ದೇವರೇ ಅಲ್ಲವೇ? ಪರೀಕ್ಷೆ ಎಂದರೆ ಪೋಡಿನ ಮಾನವೂ ಹೌದು. ಅವಳು ಇಡೀ ಬಾರೆ ಸುತ್ತಿ ಕಲೆಯಿಲ್ಲದ ಎಲೆ ಆರಿಸಿ, ತೊರೆಯ ನೀರಿನಲ್ಲಿ ಮೂರು ಸಲ ತೊಳೆದು, ಮುತ್ತುಗದ ಎಲೆಯಲ್ಲಿ ಸುತ್ತಿ ಪರೀಕ್ಷಾಲಯಕ್ಕೆ ಒಯ್ದಿದ್ದಳು.

ಮನೆಗೆ ಬಂದಾಗ ಒಳಗೆ ಕೇತಿ ಮಲಗಿದ್ದಳು. ಹೆತ್ತು ಒಂಬತ್ತು ದಿನ. ಮಗು ಪಕ್ಕದಲ್ಲಿ ಕೈಕಾಲು ಆಡಿಸುತ್ತಿತ್ತು.

"ಚಿಕ್ಕವ್ವ, ಪೆಟ್ಟಿಗ ಏನಂತು?"

"ನಮ್ ಸೊಪ್ಪು ಪರಿಚಯ ಇಲ್ಲ ಅಂತು. ನೀ ಯಾಕ ಕಂಬಳಿ ಹೊದ್ದಿದ್ದಯ್, ಈ ಬಿಸಿಲಲ್ಲಿ?"

ಕೇತಿ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಜಡಿಯಮ್ಮ ಅವಳ ಹಣೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು.

ಆವತ್ತೇ ಹೊಸ ಎಲೆ ಕಿತ್ತು ತಂದು ಅರೆಸಿ ಕುಡಿಸಿದಳು. ಮಾರನೆಯ ದಿನವೂ ಕುಡಿಸಿದಳು. ಹಿಂದೆಲ್ಲ ಎರಡನೆಯ ದಿನಕ್ಕೆ ಬೆವರೊಡೆದು ಜ್ವರ ಇಳಿಯುತ್ತಿತ್ತು. ಕೇತಿಗೆ ಬೆವರೊಡೆಯಲಿಲ್ಲ. ಉಪಕೇಂದ್ರದ ನರ್ಸಮ್ಮ ಬಂದು ಗುಳಿಗೆ ಕೊಟ್ಟಳು, ಸೂಜಿ ಚುಚ್ಚಿದಳು, ಹೊರಗೆ ಬಂದು ತಲೆ ತಗ್ಗಿಸಿ ನಿಂತಳು.

ಮೂರನೆಯ ದಿನ ಬೆಳಗ್ಗೆ ಜಡಿಯಮ್ಮ ಒಲೆಯ ಮುಂದೆ ಕುಳಿತು ಮೊದಲ ಬಾರಿಗೆ ಪೆಟ್ಟಿಗೆಯ ಮಾತನ್ನು ನಂಬಿದಳು. ಪೆಟ್ಟಿಗೆಗೆ ನೆಗಡಿಯಾಗಿಲ್ಲ. ಈ ಎಲೆಯಲ್ಲಿ ಮದ್ದಿಲ್ಲ. ಹಾಗಾದರೆ ನಲವತ್ತು ವರ್ಷ ತಾನು ಅರೆದದ್ದು ಏನು? ಸೊಪ್ಪು ಅದೇ, ಬಾರೆ ಅದೇ, ಗುಂಡುಕಲ್ಲು ಅದೇ. ಬದಲಾದದ್ದು ಕೀಳುವ ಕೈ ಒಂದೇ. ಅವಳ ಕಣ್ಣು ಅಟ್ಟದ ಕಡೆಗೆ ಹೋಯಿತು.

ಕುಲದ ಯಜಮಾನ ಅಚ್ಚುಗೇಗೌಡ ಜಗುಲಿಯ ಮೇಲೆ ಬಿದಿರು ಸೀಳುತ್ತಿದ್ದ. ವಯಸ್ಸು ಎಂಬತ್ತಾದರೂ ನಾಲಗೆ ಮೊಂಡಾಗಿರಲಿಲ್ಲ.

"ಗಂಟು ಬಿಚ್ಚಬೇಕು ಮಾವ. ಕಲ್ಲು ನಿಲ್ಲಿಸಕ್ಕ ಇನ್ನೂ ಹದಿನೈದು ದಿನ ಅದ."

"ಯಾಕ, ಅಕ್ಕ ಅದ್ರಲ್ಲಿ ಚಿನ್ನ ಕಟ್ಟಿಟ್ಟವಳ?"

"ಸೊಪ್ಪು ಕಟ್ಟಿಟ್ಟವಳ. ಅವಳ ಮಗಳಿಗ ಬೇಕು."

ಮುದುಕ ಕತ್ತಿಯನ್ನು ಕೆಳಗಿಟ್ಟ. "ಬೊಮ್ಮಿ ಬದುಕಿದ್ದಾಗ ಒಂದು ಬಾಣಂತಿನೂ ಕಾಯಿಸ್ದವಳಲ್ಲ. ಸತ್ತ ಮೇಲೆ ಸ್ವಂತ ಮಗಳನ್ನ ಕಾಯಿಸ್ತಾಳಾ? ಕೈಕಾಲು ತೊಳ್ಕೊಂಡು, ಅವಳ ಹೆಸರೇಳಿ ಬಿಚ್ಚು. ಕುಲ ಕೇಳುದ್ರ ನಾನು ಯೋಳ್ತೀನಿ."

ಜಡಿಯಮ್ಮ ಮಿಂದು ಬಂದು, ಗಂಟನ್ನು ಕೆಳಗಿಳಿಸಿ, ಅಕ್ಕನ ಹೆಸರು ಹೇಳಿ ಬಿಚ್ಚಿದಳು. ಅಕ್ಕ ಗಂಟನ್ನು ಯಾವಾಗಲೂ ಎಡಕ್ಕೆ ತಿರುಗಿಸಿ ಬಿಗಿಯುತ್ತಿದ್ದಳು. ಅದು ಬಿಚ್ಚಿಕೊಳ್ಳುವಾಗ ಜಡಿಯಮ್ಮನ ಬೆರಳುಗಳಿಗೆ ಅಕ್ಕನ ಬೆರಳು ಸಿಕ್ಕಿದಂತಾಯಿತು. ಕಣ್ಣೊರೆಸಿಕೊಂಡು ಬಟ್ಟೆ ಹರಡಿದಳು. ಎಲೆಗಳೆಲ್ಲ ತೂತು. ಒಂದೂ ಇಡಿಯಾಗಿರಲಿಲ್ಲ.

"ಅಟ್ಟದಲ್ಲಿ ಹುಳ ತಿಂದುಬುಟ್ಟವ" ಎಂದು ಮಲಗಿದಲ್ಲಿಂದಲೇ ನೋಡಿದ ಕೇತಿ ಕ್ಷೀಣವಾಗಿ ಹೇಳಿದಳು.

ಜಡಿಯಮ್ಮ ಒಂದು ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಎಲೆಗಳ ಜೊತೆ ಅವಳ ಒಡನಾಟ ನಲವತ್ತು ವರ್ಷದ್ದು. ಒಣಗಿದ ಎಲೆಯನ್ನು ಹುಳ ತಿಂದರೆ ತೂತಿನ ಅಂಚು ಹರಿದ ಕಾಗದದಂತೆ ಪುಡಿಪುಡಿಯಾಗಿರುತ್ತದೆ. ಈ ತೂತುಗಳ ಸುತ್ತ ಕಂದು ಬಣ್ಣದ ದಪ್ಪ ಅಂಚು ಕಟ್ಟಿತ್ತು, ಮಂಡಿಯ ಗಾಯ ಮಾಗಿ ಹಕ್ಕಳೆ ಕಟ್ಟಿದ ಹಾಗೆ. ಸತ್ತ ಎಲೆಗೆ ಗಾಯ ಮಾಗುವುದಿಲ್ಲ. ಇವು ಗಿಡದಲ್ಲಿ ಹಸಿರಾಗಿದ್ದಾಗಲೇ ಹುಳ ತಿಂದು, ಮಾಗಿದ ಮೇಲೆ ಅಕ್ಕ ಕಿತ್ತ ಎಲೆಗಳು. ಒಂದೆರಡಲ್ಲ, ಎಲ್ಲವೂ. ಅಕ್ಕ ಆರಿಸಿ ಆರಿಸಿ ಎಂಜಲೆಲೆಯನ್ನೇ ಕಿತ್ತಿದ್ದಾಳೆ.

"ಅಟ್ಟದ ಹುಳ ಅಲ್ಲ ಕನವ್ವ" ಎಂದಳು ಜಡಿಯಮ್ಮ. ಅವಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದಿದ್ದವು. "ನಾನು ಮದ್ದ ಬುಟ್ಟು ದೇವರಿಗ ಪತ್ರ ಕುಯ್ಕೊಂಡು ಬಂದಿದ್ದೀನಿ."

ಅರ್ಧ ಗಂಟನ್ನು ನೆರೆಯವಳಿಂದ ಅರೆಸಿ, ಜೇನು ಬೆರೆಸಿ ಕುಡಿಸಿದಳು. ಉಳಿದರ್ಧವನ್ನು ಮತ್ತೆ ಕಟ್ಟಿಟ್ಟಳು. ಮರುದಿನ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಕೇತಿಯ ಕುತ್ತಿಗೆಯ ಹಿಂದೆ ಬೆವರು ಮೂಡಿತು. ಸಂಜೆಗೆ ಅವಳು ಎದ್ದು ಕುಳಿತು ಅಂಬಲಿ ಕೇಳಿದಳು. ಉಪ್ಪು ಸಾಲದು ಎಂದು ಗೊಣಗಿದಳು ಕೂಡ. ಆ ಗೊಣಗು ಕೇಳಿ ಜಡಿಯಮ್ಮ ಗೋಡೆಗೆ ಮುಖ ಮಾಡಿ ರಂಗಬಾವನಿಗೆ ಕೈಮುಗಿದಳು.

ಮಾರನೆಯ ದಿನ ಅವಳು ಕೆನ್ನೆಬಾರೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತೇ ಇದ್ದಳು, ಏನನ್ನೂ ಕೀಳಲಿಲ್ಲ. ಗಿಡಗಳ ಮೇಲೆ ಹಸಿರು ಗೆರೆಯ ಪುಟ್ಟ ಹುಳುಗಳು ಮೇಯುತ್ತಿದ್ದವು. ತಲೆ ಬಗ್ಗಿಸಿಕೊಂಡು ತಿನ್ನುವುದರಿಂದ ಅವನ್ನು ಸೊಸೆಹುಳ ಎನ್ನುತ್ತಿದ್ದರು. ಮುಟ್ಟಿದರೆ ಮಾತ್ರ ತಲೆಯೆತ್ತಿ ನೋಡುತ್ತವೆ. ಹಿಂದಿನ ಎರಡು ಸಲ ಅವಳು ಈ ಹುಳುಗಳನ್ನು ಶಪಿಸುತ್ತ, ಅವು ಮುಟ್ಟದ ಎಲೆ ಹುಡುಕುತ್ತ ಬಾರೆಯೆಲ್ಲ ಅಲೆದಿದ್ದಳು. ಈಗ ಒಂದೊಂದನ್ನೂ ಅಕ್ಕನ ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ ನೋಡಿದಳು.

ಕೊನೆಯ ಪರೀಕ್ಷೆಗೆ ಪಟ್ಟಿಯ ಅಧಿಕಾರಿ ಮೃತ್ಯುಂಜಯಪ್ಪ ತಾವೇ ಬಂದಿದ್ದರು. ಜಡಿಯಮ್ಮ ಮುತ್ತುಗದ ಎಲೆ ಬಿಡಿಸಿದ ಕೂಡಲೇ ಅವರ ಹುಬ್ಬು ಮೇಲೇರಿತು.

"ಇದೇನಮ್ಮ, ಕುರಿಗೆ ಹಾಕೋ ಸೊಪ್ಪು ತಂದಿದೀರಾ? ನಿಯಮದಲ್ಲಿ ಸ್ಪಷ್ಟವಾಗಿದೆ. ಹುಳ ತಿಂದ ಎಲೆ ಮಾದರಿಯಾಗಿ ಬರುವುದಿಲ್ಲ."

"ಆ ನಿಯಮ ಬರೆದೋರು ದೇವರಿಗ ಹೂ ಕುಯ್ಯೋರು ಇರ್ಬೇಕು ಬುದ್ಧಿ. ನಾನೂ ಅಂಗೇ ತಿಳ್ದಿದ್ದೆ. ಎರಡು ಸಲ ಸೋತೆ."

ಅವಳು ಮೂರು ಪೊಟ್ಟಣ ತಂದಿದ್ದಳು. ಒಂದರಲ್ಲಿ ಹುಳ ಮುಟ್ಟದ ಎಲೆ, ಇನ್ನೊಂದರಲ್ಲಿ ಅದೇ ಬೆಳಗ್ಗೆ ಹುಳ ತಿಂದ ಎಲೆ, ಮತ್ತೊಂದರಲ್ಲಿ ಗಾಯ ಮಾಗಿ ಕಂದು ಅಂಚು ಕಟ್ಟಿದ ಎಲೆ. ಅಕ್ಕನ ಗಂಟಿನಿಂದ ಒಂದು ಒಣ ಎಲೆಯನ್ನೂ ತೆಗೆದು ನಫೀಸಾಳ ಅಂಗೈಯಲ್ಲಿಟ್ಟಳು. ಕೇತಿಯ ಜ್ವರದ ಸಂಗತಿಯನ್ನು ಮೊದಲಿಂದ ಕಡೆಯವರೆಗೆ ಹೇಳಿದಳು.

ನಫೀಸಾ ಆ ಎಲೆಯ ಅಂಚನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಿದಳು. ಅವಳ ಮುಖದಲ್ಲಿ ನಾಚಿಕೆಯೂ ಉತ್ಸಾಹವೂ ಕಾಣಿಸಿದವು.

"ಸರ್, ಇದು ನನಗೆ ಹೊಳೆಯಬೇಕಿತ್ತು. ಗಿಡ ಓಡಿಹೋಗುವ ಹಾಗಿಲ್ಲ. ಹುಳ ಕಚ್ಚಿದಾಗ ತನ್ನ ಗಾಯ ಕೊಳೆಯದ ಹಾಗೆ ಒಂದು ಸಾರವನ್ನು ತಾನೇ ತಯಾರು ಮಾಡಿಕೊಳ್ಳುತ್ತೆ. ಕಚ್ಚದಿದ್ದರೆ ಮಾಡಿಕೊಳ್ಳುವ ಅಗತ್ಯವೇ ಇಲ್ಲ. ನಾವು ಏಳು ವರ್ಷದಿಂದ ಗಾಯವಿಲ್ಲದ ಎಲೆಗಳನ್ನೇ ಕೇಳುತ್ತಾ ಇದ್ದೇವೆ."

"ನಿಯಮ, ಡಾಕ್ಟರೇ."

"ಮೊದಲ ಪೊಟ್ಟಣ ನಿಯಮದ ಪ್ರಕಾರವೇ ಇದೆ. ಅದನ್ನು ಪರೀಕ್ಷೆ ಮಾಡುತ್ತೇನೆ. ಉಳಿದೆರಡನ್ನು ಅದರ ಪಕ್ಕದಲ್ಲೇ ಮಾಡುತ್ತೇನೆ. ಮೂರನ್ನೂ ಬರೆದು ನನ್ನ ಹೆಸರು ಹಾಕುತ್ತೇನೆ. ಬೇಡ ಅನ್ನುವುದಾದರೆ, ಯಾಕೆ ಬೇಡ ಅಂತ ನೀವು ಬರೆದು ನಿಮ್ಮ ಹೆಸರು ಹಾಕಿ."

ಮೃತ್ಯುಂಜಯಪ್ಪ ತಮ್ಮ ಪೆನ್ನನ್ನು ನೋಡಿದರು, ಆಮೇಲೆ ಜೇಬಿಗೆ ಸಿಕ್ಕಿಸಿಕೊಂಡರು.

ಮೊದಲ ಎಲೆಗೆ ಗೆರೆ ಎಂದಿನಂತೆ ಮಲಗಿಯೇ ಇತ್ತು. ಎರಡನೆಯದಕ್ಕೆ ಅಲ್ಲಲ್ಲಿ ಸ್ವಲ್ಪ ಅಲುಗಾಡಿತು. ಮೂರನೆಯ ಎಲೆ ಒಳಗೆ ಹೋಗಿ ಕಾಲು ಗಂಟೆಯಾದ ಮೇಲೆ ಗೆರೆ ಒಂದು ಕಡೆ ಎದ್ದಿತು, ಎದ್ದು ಪರದೆಯ ಮೇಲಂಚನ್ನು ಮುಟ್ಟಿತು.

"ಅಗೋ" ಎಂದಳು ಜಡಿಯಮ್ಮ. "ನಮ್ ಬೆಟ್ಟ."

ಯಂತ್ರ ಹೇಳಿದ್ದನ್ನು ಕಣ್ಣಾರೆ ನೋಡುವ ಇನ್ನೊಂದು ಪರೀಕ್ಷೆಯೂ ಇತ್ತು. ಬಾಣಂತಿ ಜ್ವರದ ಜೀವಿಗಳನ್ನು ಗಂಜಿಯಂಥ ಪದಾರ್ಥದಲ್ಲಿ ಬೆಳೆಸಿದ ಮೂರು ಗಾಜಿನ ಬಟ್ಟಲುಗಳಲ್ಲಿ ನಫೀಸಾ ಒಂದೊಂದು ಎಲೆಯ ರಸವನ್ನು ಒಂದೊಂದು ಹನಿ ಬಿಟ್ಟಳು. ಮಾರನೆಯ ಬೆಳಗ್ಗೆ ಮೂವರೂ ಬಗ್ಗಿ ನೋಡಿದರು. ಮೊದಲ ಬಟ್ಟಲು ಪೂರ್ತಿ ಮಂಜು ಕವಿದಂತಿತ್ತು. ಎರಡನೆಯದರಲ್ಲಿ ಹನಿಯ ಸುತ್ತ ದಾರದಷ್ಟು ತೆಳ್ಳಗೆ ಒಂದು ತಿಳಿಯಾದ ಬಳೆ. ಮೂರನೆಯದರಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ಎಲ್ಲವೂ ತಿಳಿಯಾಗಿತ್ತು. ಅಲ್ಲಿ ಒಂದು ಜೀವಿಯೂ ಉಳಿದಿರಲಿಲ್ಲ.

ಮೃತ್ಯುಂಜಯಪ್ಪ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಅವರ ತಮ್ಮನ ಹೆಂಡತಿ ಹೋದ ವರ್ಷ ಇದೇ ಜ್ವರದಲ್ಲಿ ತೀರಿಕೊಂಡಿದ್ದಳು. "ನಿಯಮ ತಿದ್ದಬೇಕಾಗುತ್ತೆ" ಎಂದಷ್ಟೇ ಹೇಳಿ ಪಟ್ಟಿಯ ಪುಸ್ತಕ ತೆರೆದರು. "ಇನ್ನು ಈ ಗಿಡವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಆ ಬಾರೆಗೆಲ್ಲ ನಾಳೆಯೇ ಹುಳದ ಔಷಧ ಹೊಡೆಸುತ್ತೇನೆ."

ಜಡಿಯಮ್ಮ ನಫೀಸಾಳ ಮುಖ ನೋಡಿದಳು. ನಫೀಸಾ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡಳು.

"ಬುದ್ಧಿ" ಎಂದಳು ಜಡಿಯಮ್ಮ ತಾಳ್ಮೆಯಿಂದ, "ಸೊಸ ಒಲೆ ಮುಂದ ನಿಂತಿರುವಾಗ ಯಾರಾರು ಒಲೆಗ ನೀರು ಹುಯ್ದಾರಾ?"

ಒಂದು ಗಳಿಗೆಯ ಮೇಲೆ ಅಧಿಕಾರಿಗೂ ಅರ್ಥವಾಯಿತು, ಅವರೂ ನಕ್ಕರು. ಪುಸ್ತಕದಲ್ಲಿ ಗಿಡದ ಹೆಸರು, ಬಾರೆಯ ಹೆಸರು, ಪೋಡಿನ ಹೆಸರು ಬರೆದುಕೊಂಡರು. ಆಮೇಲೆ ಒಂದು ಜಾಗದಲ್ಲಿ ಪೆನ್ನು ನಿಲ್ಲಿಸಿದರು.

"ಮದ್ದನ್ನು ಮೊದಲು ಕಂಡವರು ಅಂತ ಇದೆ. ನಿಮ್ಮ ಹೆಸರು ಹಾಕಲೇ?"

"ನಾನು ಕಂಡಿದ್ದು ಎಲ್ಲರ್ಗಿಂತ ಕಡೇಲಿ. ಮೊದಲು ಕಂಡಿದ್ದು ಸೊಸೆಹುಳ, ಅದ ಬರೀರಿ. ಅದು ತಿನ್ನೋದ ಕಂಡೋಳು ಬೊಮ್ಮಿ. ಅವಳ್ಗೂ ಮುಂಚೆ ಅವಳವ್ವ. ಹೆಸರು ಹಿಡಿಸೋ ಅಷ್ಟು ಜಾಗ ಅದಾ ಅಲ್ಲಿ?"

"ಎರಡು ಸಾಲಿದೆ."

"ಅಂಗಾದ್ರ ಹುಳ, ಬೊಮ್ಮಿ. ಸಾಕು."

ಮೃತ್ಯುಂಜಯಪ್ಪ ಹಾಗೆಯೇ ಬರೆದರು. ಆ ಮಧ್ಯಾಹ್ನವೇ ಜಡಿಯಮ್ಮನ ಕೈಯ ಬೂದು ಬಳೆಯನ್ನು ಕಳಚಿಸಿದರು. ಪಟ್ಟಿಗೆ ಸೇರಿದ ಬಾರೆಗೆ ಬೇಲಿಯೇ ಇಲ್ಲ, ಬಳೆ ಯಾಕೆ? ಖಾಲಿಯಾದ ಮುಂಗೈಯನ್ನು ಸವರಿಕೊಂಡು ಅವಳು, "ಈ ಗಂಡನೂ ಹೋದ" ಎಂದಳು.

ಎಂಟು ದಿನ ಕಳೆದು ಬೊಮ್ಮಕ್ಕನ ಕಲ್ಲು ನಿಲ್ಲಿಸಿದರು. ಕುಲದವರ ಕಲ್ಲುಗಳ ಸಾಲಿನ ಕೊನೆಯಲ್ಲಿ, ತೊರೆಯಿಂದ ತಂದ ಒಂದು ಕರಿಯ ಗುಂಡುಕಲ್ಲು. ಅಚ್ಚುಗೇಗೌಡ ನೀರೆರೆದ. ಕೇತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ತಾಯಿಯ ಎದುರಿಗೆ ಕುಳಿತಳು. ಅವಳ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಅದೇ ಬೆಳಗ್ಗೆ ಮೊದಲ ಸಲ ಬಾರೆಗೆ ಹೋಗಿ, ಅಪ್ಪಣೆ ಕೇಳಿ, ತಾನೇ ಆರಿಸಿ ಕಿತ್ತು ಕಟ್ಟಿದ್ದು. ಗಂಟನ್ನು ಅವಳೂ ಎಡಕ್ಕೇ ತಿರುಗಿಸಿ ಬಿಗಿದಿದ್ದಳು. ಅದನ್ನು ಯಾರು ಹೇಳಿಕೊಟ್ಟರೋ ಜಡಿಯಮ್ಮನಿಗೆ ತಿಳಿಯಲಿಲ್ಲ.

ಮೊದಲು ಬೆಟ್ಟದ ಕಡೆಗೆ ತಿರುಗಿ ರಂಗಬಾವನ ಹೆಸರಿನಲ್ಲಿ ಕಲೆಯಿಲ್ಲದ ಹೂವುಗಳನ್ನು ಇಟ್ಟರು. ಕಲ್ಲಿಗೂ ಹೂವು ಇಡುವುದಕ್ಕೆಂದು ಹೆಂಗಸರು ತಟ್ಟೆ ಮುಂದೆ ತಂದಾಗ ಜಡಿಯಮ್ಮ ಬೇಡವೆಂದಳು. ಕೇತಿಯ ಗಂಟಿನಿಂದ ಒಂದು ಕೆನ್ನೆಸೊಪ್ಪನ್ನು ತೆಗೆದಳು. ಅದರಲ್ಲಿ ನಾಲ್ಕು ತೂತುಗಳಿದ್ದವು, ನಾಲ್ಕೂ ಮಾಗಿದ್ದವು. ಅದನ್ನು ಅಕ್ಕನ ಕಲ್ಲಿನ ನೆತ್ತಿಯ ಮೇಲೆ, ಗಾಳಿಗೆ ಹಾರದ ಹಾಗೆ ಒದ್ದೆಮಾಡಿ ಅಂಟಿಸಿದಳು.

"ತಕೊ" ಎಂದಳು. "ಈಗ ಸರಿಯಾಗಿ ಕಿತ್ತಿದ್ದೀವಿ."